ಹೂಮಳೆಯ ಅಂದಾಜು, ಮತಪೆಟ್ಟಿಗೆಯ ಫಸಲು

ಕಾಫಿ ನಾಡಿನವರಿಗೆ ಅಂದಾಜು ಎಂಬುದು ಹೊಸ ಮಾತಲ್ಲ. ಕಾಫಿ ಮಂಡಳಿ ವರ್ಷಕ್ಕೆ ಎರಡು ಸಲ ಫಸಲಿನ ಅಂದಾಜು ಕಟ್ಟುತ್ತದೆ. ಮೊದಲನೆಯದು ಹೂವಾದ ನಂತರ, ಎರಡನೆಯದು ಮಳೆಗಾಲ ಮುಗಿದ ಮೇಲೆ. ಮೂಡಿಗೆರೆಯಲ್ಲೋ ಕಳಸದಲ್ಲೋ ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದು, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಬೆಳೆಗಾರ ಮನಸ್ಸಿನಲ್ಲೇ ಮೂಟೆ ಎಣಿಸತೊಡಗುತ್ತಾನೆ. ಆದರೆ ಅನುಭವಸ್ಥನಾದವನು ಆ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇನ್ನು ಹದಿನೈದು ಇಪ್ಪತ್ತು ದಿನದೊಳಗೆ ಎರಡನೆಯ ಮಳೆ ಬರಬೇಕು. ಜುಲೈ, ಆಗಸ್ಟ್‌ನಲ್ಲಿ ಮಳೆ ಅತಿಯಾದರೆ ಕೊಳೆರೋಗ, ಕಾಯಿ ಉದುರುವುದು. ಅದನ್ನು ದಾಟಿದರೆ ಕಾಯಿಕೊರಕ. ಕೊನೆಗೆ ಕೊಯ್ಲಿಗೆ ಆಳು ಸಿಗಬೇಕು.

ಲೋಕಸಭಾ ಚುನಾವಣೆಯೂ ಈಚೆಗೆ ಹೂಮಳೆಯ ಕಾಲದಲ್ಲೇ ಬರುತ್ತಿದೆ. ಉಡುಪಿ-ಚಿಕ್ಕಮಗಳೂರು ಕ್ಷೇತ್ರ 2019ರಲ್ಲಿ ಮತ ಹಾಕಿದ್ದು ಏಪ್ರಿಲ್ 18ರಂದು, 2024ರಲ್ಲಿ ಏಪ್ರಿಲ್ 26ರಂದು. ಅದಕ್ಕೆ ಮೊದಲೇ ಪತ್ರಿಕೆ, ಟಿ.ವಿ.ಗಳಲ್ಲಿ ಸಮೀಕ್ಷೆಗಳು ಅರಳಿರುತ್ತವೆ: ಯಾವ ಪಕ್ಷಕ್ಕೆ ಎಷ್ಟು ಸ್ಥಾನ, ಯಾರಿಗೂ ಬಹುಮತ ಬಾರದಿದ್ದರೆ ಯಾರ ಜೊತೆ ಯಾರು. ಚುನಾವಣಾಪೂರ್ವ ಸಮೀಕ್ಷೆಯನ್ನು ಹೂವಿನ ಅಂದಾಜು ಎನ್ನಬಹುದು. ಮತ ಹಾಕಿ ಹೊರಬಂದವರನ್ನು ಕೇಳಿ ಮಾಡುವ ಮತಗಟ್ಟೆ ಸಮೀಕ್ಷೆ ಮಳೆಗಾಲದ ನಂತರದ ಅಂದಾಜು. ಆದರೆ ಬೆಳೆಗಾರನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಐವತ್ತು ಕಿಲೋ ಚೆರ್ರಿ ಮೂಟೆಯಿಂದ ಎಷ್ಟು ಕಿಲೋ ಬೀಜ ಬಂತು ಎಂಬ ಔಟ್‌ಟರ್ನ್ ಲೆಕ್ಕ ಬೇರೆ ಇದೆ. ಅದಾದ ಮೇಲೆ ದರ. ಅದು ತೋಟದಲ್ಲಿ ನಿರ್ಧಾರವಾಗುವುದೇ ಇಲ್ಲ, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಆಗುತ್ತದೆ. ಮತ, ಸ್ಥಾನ, ಸರ್ಕಾರ ಇವುಗಳ ನಡುವೆಯೂ ಹೀಗೇ ಎರಡು ಕಂದಕಗಳಿವೆ. ಸಮೀಕ್ಷೆ ಅಳೆಯುವುದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಅದು ಊಹಿಸುತ್ತದೆ, ಆದರೆ ಮೂರನ್ನೂ ಒಂದೇ ದನಿಯಲ್ಲಿ ಹೇಳುತ್ತದೆ.

ಸಾವಿರ ಜನರನ್ನು ಕೇಳಿ ಕೋಟಿ ಜನರ ಮನಸ್ಸು ಹೇಗೆ ತಿಳಿಯುತ್ತದೆ ಎಂದು ಅಚ್ಚರಿಪಡುವವರು ಕಾಫಿ ವ್ಯಾಪಾರಿಯನ್ನು ನೋಡಬೇಕು. ಆತ ಲಾರಿ ಲೋಡಿನ ಮೂಟೆಗಳನ್ನೆಲ್ಲ ಬಿಚ್ಚುವುದಿಲ್ಲ. ಅಲ್ಲೊಂದು ಇಲ್ಲೊಂದು ಮೂಟೆಗೆ ಚೂಪು ತುದಿಯ ಕೊಳವೆ ಚುಚ್ಚಿ ಹಿಡಿಯಷ್ಟು ಬೀಜ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಚುಚ್ಚುವ ಮೂಟೆಯನ್ನು ಆಯ್ದುಕೊಳ್ಳುವವನು ಮಾರುವವನಲ್ಲ, ಕೊಳ್ಳುವವನು. ಗುಟ್ಟು ಇರುವುದು ಇಲ್ಲಿ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ, ಚೀಟಿ ಎತ್ತಿದಷ್ಟು ನಿಷ್ಪಕ್ಷಪಾತವಾಗಿ ಆರಿಸಿದ ಸಾವಿರ ಜನರ ಉತ್ತರ ಸತ್ಯದಿಂದ ಶೇಕಡಾ 3ರಷ್ಟು ಆಚೀಚೆ ಇರುತ್ತದೆ. ಆ ಅಂತರವನ್ನು ಅರ್ಧ ಮಾಡಬೇಕಾದರೆ ಎರಡು ಸಾವಿರ ಜನ ಸಾಲದು, ನಾಲ್ಕು ಸಾವಿರ ಬೇಕು. ಜನಸಂಖ್ಯೆ ಹತ್ತು ಲಕ್ಷವೋ ನೂರು ಕೋಟಿಯೋ ಎಂಬುದು ಇಲ್ಲಿ ಮುಖ್ಯವಲ್ಲ.

ಆಯ್ಕೆ ಕೆಟ್ಟರೆ ಮಾತ್ರ ಎಷ್ಟು ಜನರನ್ನು ಕೇಳಿಯೂ ಪ್ರಯೋಜನವಿಲ್ಲ. ಅಮೆರಿಕದಲ್ಲಿ 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಉತ್ತರ ಪಡೆದು ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು. ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುತ್ತಾರೆ ಎಂದರು. ಗೆದ್ದರು. ಪತ್ರಿಕೆ ಹೆಸರುಗಳನ್ನು ಆರಿಸಿದ್ದು ದೂರವಾಣಿ ಮತ್ತು ಕಾರು ಹೊಂದಿದವರ ಪಟ್ಟಿಯಿಂದ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಅವು ಉಳ್ಳವರ ಪಟ್ಟಿಗಳು. ನಮ್ಮಲ್ಲಿ ಎರಿಕ್ ಡ ಕೋಸ್ಟಾ ಐವತ್ತರ ದಶಕದಲ್ಲೇ ಜನಾಭಿಪ್ರಾಯ ಸಂಸ್ಥೆ ಕಟ್ಟಿ ಈ ಕೆಲಸ ಆರಂಭಿಸಿದರು. ಅದು ಮನೆಮಾತಾದದ್ದು ಎಂಬತ್ತರ ದಶಕದಲ್ಲಿ, ಪ್ರಣಯ್ ರಾಯ್ ಅವರ ಸಮೀಕ್ಷೆಗಳು ಪಾಕ್ಷಿಕ ಪತ್ರಿಕೆಯಲ್ಲಿ ಬರತೊಡಗಿದ ಮೇಲೆ.

ಈಗ ಆ ಕೊಳವೆಯನ್ನು ಹಿಡಿದುಕೊಂಡು ಕಳಸದ ಕಡೆಗೆ ಬನ್ನಿ. ದೇಶಕ್ಕೆಲ್ಲ ಮೂವತ್ತು ಸಾವಿರ ಜನರನ್ನು ಕೇಳುವ ಒಂದು ದೊಡ್ಡ ಸಮೀಕ್ಷೆ ನಡೆದಿದೆ ಎಂದುಕೊಳ್ಳೋಣ. 543 ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ಐವತ್ತೈದು ಜನ. ಉಡುಪಿ-ಚಿಕ್ಕಮಗಳೂರಿನಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಅಂದರೆ ಮೂಡಿಗೆರೆಯ ಪಾಲಿಗೆ ಏಳು ಜನ. ಸಾಮಾನ್ಯವಾಗಿ ಸಮೀಕ್ಷಕರು ಎಲ್ಲ ಕ್ಷೇತ್ರಗಳಿಗೂ ಹೋಗುವುದಿಲ್ಲ. ಆಯ್ದ ಕೆಲವಕ್ಕೆ ಹೋಗಿ ಉಳಿದವನ್ನು ಲೆಕ್ಕದಿಂದ ತುಂಬುತ್ತಾರೆ. ಆಗ ಘಟ್ಟದ ಮೇಲಿನ ಒಬ್ಬನನ್ನೂ ಕೇಳದೆಯೇ ಘಟ್ಟದ ಫಲಿತಾಂಶ ಬರೆದಿರುವುದು ಸಾಧ್ಯ.

ಕೇಳಲು ಬಂದರೂ ಕೆಲಸ ಸುಲಭವಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಒಂದು ಬೀದಿ, ಒಂದು ಅರಳೀಕಟ್ಟೆ. ಮಲೆನಾಡಿನಲ್ಲಿ ಊರೆಂದರೆ ಗುಡ್ಡಕ್ಕೊಂದು ಮನೆ. ಮತದಾರರ ಪಟ್ಟಿಯಿಂದ ಆರಿಸಿದ ಹತ್ತು ಹೆಸರುಗಳನ್ನು ಹುಡುಕಲು ಒಂದು ದಿನ ಸಾಲದು. ದಿನಗೂಲಿಗೆ ಬಂದ ಸಮೀಕ್ಷಕ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವರನ್ನೇ ಕೇಳಿ ಫಾರಂ ತುಂಬುವ ಆಸೆಗೆ ಬಿದ್ದರೆ ಅಚ್ಚರಿಯೇನಿಲ್ಲ. ಫೋನಿನಲ್ಲಿ ಕೇಳುವವರಿಗಂತೂ ಸಿಗ್ನಲ್ ಇರುವ ಗುಡ್ಡದವರಷ್ಟೇ ಮತದಾರರು. ಎಸ್ಟೇಟಿನ ಲೈನ್ ಮನೆಗಳ ಕಥೆ ಇನ್ನೊಂದು. ಅಲ್ಲಿ ತಲೆಮಾರುಗಳಿಂದ ನೆಲೆಸಿ ಇಲ್ಲಿಯೇ ಮತ ಇರುವವರಿದ್ದಾರೆ; ಕೊಯ್ಲಿಗೆಂದು ಬಂದ, ಮತ ಊರಿನಲ್ಲೇ ಉಳಿದವರೂ ಇದ್ದಾರೆ. ರೈಟರ್ ಪಕ್ಕದಲ್ಲಿ ನಿಂತಿರುವಾಗ ಪೇಟೆಯಿಂದ ಬಂದ ಅಪರಿಚಿತ, ಯಾರಿಗೆ ಓಟು ಹಾಕುತ್ತೀ ಎಂದು ಕೇಳಿದರೆ ಏನು ಉತ್ತರ ಬಂದೀತು? ‘ನೋಡಾಣ’ ಎನ್ನುವುದೇ ಹೆಚ್ಚು. ದೆಹಲಿಯ ಸಿ.ಎಸ್.ಡಿ.ಎಸ್. ಸಂಸ್ಥೆಯ ಸಮೀಕ್ಷಕರು ಇದಕ್ಕಾಗಿಯೇ ಒಂದು ನಕಲಿ ಮತಪತ್ರ, ಒಂದು ಪುಟ್ಟ ಪೆಟ್ಟಿಗೆ ಕೊಂಡೊಯ್ಯುವ ಕ್ರಮ ಇಟ್ಟುಕೊಂಡರು. ಬಾಯಲ್ಲಿ ಹೇಳಬೇಕಾಗಿಲ್ಲ, ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಿದರಾಯಿತು. ಒಳ್ಳೆಯ ಉಪಾಯ. ಆದರೂ ‘ನೋಡಾಣ’ ಎಂದವರನ್ನು ಯಾವ ಕಡೆಗೆ ಸೇರಿಸಬೇಕು ಎಂಬ ತೀರ್ಮಾನ ಊರಿನಲ್ಲಿ ಆಗುವುದಿಲ್ಲ, ಕಚೇರಿಯಲ್ಲಿ ಆಗುತ್ತದೆ.

ಗುಡ್ಡದವರನ್ನು ಬಿಟ್ಟರೆ ಏನು ಮಹಾ ನಷ್ಟ, ದೇಶದ ಗಾಳಿ ಎತ್ತ ಬೀಸುತ್ತದೋ ಇಲ್ಲಿಯೂ ಅತ್ತಲೇ ಅಲ್ಲವೇ ಎಂದು ಕೇಳುವವರಿಗೆ ಕರ್ನಾಟಕವೇ ಉತ್ತರ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು, ಇಂದಿರಾ ಗಾಂಧಿ ಅವರೇ ರಾಯ್‌ಬರೇಲಿಯಲ್ಲಿ ಸೋತರು. ಆಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. 1989ರಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರು. ಇಲ್ಲಿ ಕಾಂಗ್ರೆಸ್ 27 ಗೆದ್ದಿತು. 2004ರಲ್ಲಿ ವಾಜಪೇಯಿ ಸರ್ಕಾರ ಉರುಳಿತು, ಇಲ್ಲಿ ಬಿ.ಜೆ.ಪಿ. 18 ಸ್ಥಾನ ಪಡೆಯಿತು. ಅದರಲ್ಲಿ ಡಿ.ಸಿ. ಶ್ರೀಕಂಠಪ್ಪ ಅವರ ಚಿಕ್ಕಮಗಳೂರೂ ಒಂದು. ಆ ವರ್ಷ ಸಮೀಕ್ಷೆಗಳೆಲ್ಲ ಎನ್.ಡಿ.ಎ. ಮುಂದಿದೆ ಎಂದಿದ್ದವು. ಫಲಿತಾಂಶ ಬಂದಾಗ ಕಾಂಗ್ರೆಸ್ 145, ಬಿ.ಜೆ.ಪಿ. 138.

ಈ ಜಿಲ್ಲೆಯ ಅತಿ ಪ್ರಸಿದ್ಧ ಚುನಾವಣೆ 1978ರದು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. ಜಾರ್ಜ್ ಫರ್ನಾಂಡಿಸ್ ಇಲ್ಲಿ ಪ್ರಚಾರ ನಡೆಸಿದರು, ದೇವರಾಜ ಅರಸು ಇಂದಿರಾ ಅವರ ಬೆನ್ನಿಗೆ ನಿಂತರು. ನವೆಂಬರಿನಲ್ಲಿ ಮತದಾನವಾಗಿ ಇಂದಿರಾ ಎಪ್ಪತ್ತೇಳು ಸಾವಿರ ಮತಗಳ ಅಂತರದಿಂದ ಗೆದ್ದರು. ಅಲ್ಲಿಯವರೆಗಿನದನ್ನು ಒಂದು ಒಳ್ಳೆಯ ಸಮೀಕ್ಷೆ ಹೇಳಬಹುದಾಗಿತ್ತು. ಮುಂದಿನದನ್ನು ನೋಡಿ. ಗೆದ್ದು ಒಂದೂವರೆ ತಿಂಗಳಾಗುವ ಮುನ್ನ, ಡಿಸೆಂಬರ್ 19ರಂದು, ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿತು. ಏಳು ತಿಂಗಳ ನಂತರ ಜನತಾ ಸರ್ಕಾರ ಒಡೆದು ಚರಣ್ ಸಿಂಗ್ ಪ್ರಧಾನಿಯಾದರು, ಇಂದಿರಾ ಅವರ ಕಾಂಗ್ರೆಸ್ಸಿನ ಬೆಂಬಲದಿಂದ. 1977ರಲ್ಲಿ ಗೃಹ ಸಚಿವರಾಗಿ ಇಂದಿರಾ ಅವರನ್ನು ಬಂಧಿಸಿದ್ದವರು ಇದೇ ಚರಣ್ ಸಿಂಗ್. ಆ ಬೆಂಬಲವೂ ಅವರು ಲೋಕಸಭೆಯನ್ನು ಎದುರಿಸುವ ಮೊದಲೇ ಹೋಯಿತು. 1979ರಲ್ಲೇ ಅರಸು ಮತ್ತು ಇಂದಿರಾ ಬೇರೆಯಾದರು. ಸೋತ ವೀರೇಂದ್ರ ಪಾಟೀಲರೋ, ಮುಂದೆ ಇಂದಿರಾ ಅವರ ಮಂತ್ರಿಮಂಡಲದಲ್ಲೇ ಸಚಿವರಾದರು. 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರದಿಂದ ಬಿ.ಜೆ.ಪಿ. ಸಂಸದರಾಗಿ ಲೋಕಸಭೆಗೆ ಹೋದರು. 1978ರಲ್ಲಿ ಇಂದಿರಾ ಅವರಿಗೋ ಪಾಟೀಲರಿಗೋ ಮತ ಹಾಕಿದ ಮೂಡಿಗೆರೆಯ ಮತದಾರ ಯಾವ ಮೈತ್ರಿಗೆ ಮತ ಹಾಕಿದಂತಾಯಿತು?

ಔಟ್‌ಟರ್ನ್ ಲೆಕ್ಕಕ್ಕೆ ಬರೋಣ. ನಮ್ಮ ಪದ್ಧತಿಯಲ್ಲಿ ಒಂದು ಮತ ಹೆಚ್ಚು ಪಡೆದವನು ಗೆದ್ದ, ಉಳಿದವರ ಮತ ಹೊಟ್ಟು. ಆದ್ದರಿಂದ ಮತ ಹೆಚ್ಚಿದ್ದವರಿಗೇ ಸ್ಥಾನ ಹೆಚ್ಚು ಎಂದೇನಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಶೇಕಡಾ 35 ಮತ ಪಡೆದ ಕಾಂಗ್ರೆಸ್ಸಿಗೆ 65 ಸ್ಥಾನ, ಶೇಕಡಾ 28 ಪಡೆದ ಬಿ.ಜೆ.ಪಿ.ಗೆ 79. ಒಬ್ಬರ ಮತ ರಾಜ್ಯದ ತುಂಬ ತೆಳ್ಳಗೆ ಹರಡಿತ್ತು, ಇನ್ನೊಬ್ಬರದು ಕೆಲವು ಕಡೆ ಗಟ್ಟಿಯಾಗಿ ನಿಂತಿತ್ತು. ವಿರೋಧಿ ಮತಗಳು ಎಷ್ಟರ ಮಟ್ಟಿಗೆ ಒಡೆದಿವೆ ಎಂಬುದೂ ಮುಖ್ಯ. ಇದನ್ನು ಅಳೆಯಲು ಡೇವಿಡ್ ಬಟ್ಲರ್, ಅಶೋಕ್ ಲಾಹಿರಿ, ಪ್ರಣಯ್ ರಾಯ್ ಅವರು ‘ವಿರೋಧ ಐಕ್ಯ ಸೂಚ್ಯಂಕ’ವನ್ನು ಬಳಕೆಗೆ ತಂದರು. ವಿರೋಧಿ ಮತಗಳೆಲ್ಲ ಒಬ್ಬನಿಗೇ ಬಿದ್ದರೆ ಸೂಚ್ಯಂಕ ನೂರು, ಹಂಚಿಹೋದಷ್ಟೂ ಇಳಿಯುತ್ತದೆ.

ಮೂಡಿಗೆರೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2023ರಲ್ಲಿ ಈ ಮೀಸಲು ಕ್ಷೇತ್ರದಲ್ಲಿ ಬಿ.ಜೆ.ಪಿ. ಶಾಸಕರಾಗಿದ್ದ ಎಂ.ಪಿ. ಕುಮಾರಸ್ವಾಮಿ ಅವರಿಗೆ ಪಕ್ಷ ಟಿಕೆಟ್ ಕೊಡಲಿಲ್ಲ, ಅವರು ಜೆ.ಡಿ.ಎಸ್.ನಿಂದ ನಿಂತರು. ಕಾಂಗ್ರೆಸ್ಸಿನ ನಯನಾ ಮೋಟಮ್ಮ ಮತ್ತು ಬಿ.ಜೆ.ಪಿ.ಯ ದೀಪಕ್ ದೊಡ್ಡಯ್ಯ ಇಬ್ಬರಿಗೂ ಐವತ್ತು ಸಾವಿರದ ಮೇಲೆ ಮತ ಬಂತು, ಕುಮಾರಸ್ವಾಮಿ ಅವರಿಗೆ ಇಪ್ಪತ್ತಾರು ಸಾವಿರದಷ್ಟು. ನಯನಾ ಅವರು ಗೆದ್ದದ್ದು 722 ಮತಗಳಿಂದ. ಸಣ್ಣಪುಟ್ಟವರನ್ನು ಬಿಟ್ಟರೆ ಸೋತವರ ಪಾಲಿನ ಸೂಚ್ಯಂಕ 66ರ ಆಸುಪಾಸು. ಪಕ್ಕದ ಶೃಂಗೇರಿಯಲ್ಲಿ ಅಂದು ಘೋಷಣೆಯಾದ ಅಂತರ 201 ಮತ. ಅಂಚೆ ಮತಗಳ ತಕರಾರು ನ್ಯಾಯಾಲಯಕ್ಕೂ ಹೋಯಿತು. ಶೇಕಡಾ 3 ಆಚೀಚೆ ಇರುವ ಅಳತೆಗೋಲು ಇಂಥ ಕಡೆ ಏನು ಹೇಳೀತು? ಆ ಸಲ ಜಿಲ್ಲೆಯ ಐದೂ ಕ್ಷೇತ್ರಗಳು ಕಾಂಗ್ರೆಸ್ಸಿಗೆ ಹೋದವು. ಮುಂದಿನ ವರ್ಷ ಲೋಕಸಭೆಗೆ ಬಿ.ಜೆ.ಪಿ.ಯ ಕೋಟ ಶ್ರೀನಿವಾಸ ಪೂಜಾರಿ ಎರಡೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ವಿಧಾನಸೌಧಕ್ಕೊಂದು ಮತ, ದೆಹಲಿಗೊಂದು ಮತ ಎಂಬ ಅಭ್ಯಾಸ ಕರ್ನಾಟಕಕ್ಕೆ 1985ರಿಂದಲೂ ಇದೆ. ಲೋಕಸಭೆಗೆ ಕಾಂಗ್ರೆಸ್ಸಿನ 24 ಜನರನ್ನು ಕಳಿಸಿದ ಮತದಾರರೇ ಮೂರು ತಿಂಗಳೊಳಗೆ ರಾಮಕೃಷ್ಣ ಹೆಗಡೆ ಅವರಿಗೆ 139 ಶಾಸಕರನ್ನು ಕೊಟ್ಟರು.

ಮೈತ್ರಿಯ ವಿಷಯದಲ್ಲಿ ಸಮೀಕ್ಷಕರು ಎಡವುವುದು ಹೆಚ್ಚಾಗಿ ಕೂಡುವ ಲೆಕ್ಕದಲ್ಲಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡಾ 38, ಜೆ.ಡಿ.ಎಸ್.ಗೆ ಶೇಕಡಾ 18 ಮತ ಬಂದಿತ್ತು. ಕೂಡಿದರೆ 56. ಬಿ.ಜೆ.ಪಿ.ಗೆ 36. ಇಬ್ಬರೂ ಸೇರಿ ಸರ್ಕಾರ ಮಾಡಿದರು, 2019ರ ಲೋಕಸಭೆಗೂ ಒಟ್ಟಾಗಿ ನಿಂತರು. ಕಾಗದದ ಮೇಲೆ ಅವರನ್ನು ಸೋಲಿಸುವುದು ಸಾಧ್ಯವೇ ಇರಲಿಲ್ಲ. ಬಿ.ಜೆ.ಪಿ. 25 ಗೆದ್ದಿತು, ಮೈತ್ರಿಗೆ ಬಂದದ್ದು ಎರಡು. ಉಡುಪಿ-ಚಿಕ್ಕಮಗಳೂರಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಸ್ಥಾನ ಹಂಚಿಕೆಯಲ್ಲಿ ಕ್ಷೇತ್ರ ಜೆ.ಡಿ.ಎಸ್. ಪಾಲಿಗೆ ಬಂತು. ಕಾಂಗ್ರೆಸ್ಸಿನ ಮಾಜಿ ಸಚಿವ ಪ್ರಮೋದ್ ಮಧ್ವರಾಜ್ ಅವರೇ ಜೆ.ಡಿ.ಎಸ್. ಚಿಹ್ನೆಯ ಮೇಲೆ ಸ್ಪರ್ಧಿಸಿದರು. ಶೋಭಾ ಕರಂದ್ಲಾಜೆ ಮೂರು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಹಸ್ತದ ಗುರುತು ನೋಡಿಯೇ ಒತ್ತಿ ಅಭ್ಯಾಸವಾದವರಿಗೆ ಆ ಸಲ ಯಂತ್ರದ ಮೇಲೆ ಹಸ್ತವೇ ಇರಲಿಲ್ಲ.

ಹಳೆ ಮೈಸೂರಿನ ಹಳ್ಳಿಗಳಲ್ಲಿ ಕಾಂಗ್ರೆಸ್ಸಿಗೆ ಜೆ.ಡಿ.ಎಸ್., ಜೆ.ಡಿ.ಎಸ್.ಗೆ ಕಾಂಗ್ರೆಸ್ಸೇ ಎದುರಾಳಿ. ಹಾಲಿನ ಡೇರಿಯಿಂದ ಗ್ರಾಮ ಪಂಚಾಯಿತಿಯವರೆಗೆ ಎದುರುಬದುರು ನಿಂತವರು ಬೆಂಗಳೂರಿನಲ್ಲಿ ನಾಯಕರು ಕೈಕುಲುಕಿದರೆಂದು ಒಂದೇ ಗುಂಡಿ ಒತ್ತಲಿಲ್ಲ. ಆ ವರ್ಷ ತುಮಕೂರಿನಲ್ಲಿ ಸ್ವತಃ ದೇವೇಗೌಡರೇ ಸೋತರು. 2024ರಲ್ಲಿ ಜೆ.ಡಿ.ಎಸ್. ಬಿ.ಜೆ.ಪಿ. ಕಡೆಗೆ ಬಂದಿತು. ಹಿಂದಿನ ವರ್ಷದ 36 ಮತ್ತು 13 ಕೂಡಿದರೆ 49; ಲೋಕಸಭೆಗೆ ಇಬ್ಬರಿಗೂ ಸೇರಿ ಬಂದದ್ದು ಶೇಕಡಾ 51ಕ್ಕಿಂತ ಹೆಚ್ಚು, ಸ್ಥಾನ 19. ಈ ಎರಡು ಪಕ್ಷಗಳ ಕಾರ್ಯಕರ್ತರಿಗೆ ಪರಸ್ಪರ ಹಳೆಯ ಜಗಳ ಕಡಿಮೆ. ಕೂಡುವ ಲೆಕ್ಕ ಒಂದು ಸಲ ಸುಳ್ಳಾಗಿ ಇನ್ನೊಂದು ಸಲ ನಿಜವಾಗುವುದು ಹೀಗೆ. ‘ನಿಮ್ಮ ಪಕ್ಷ ಇಂಥವರ ಜೊತೆ ಸೇರಿದರೂ ನೀವು ಅದಕ್ಕೇ ಹಾಕುತ್ತೀರಾ’ ಎಂದು ಸಮೀಕ್ಷೆ ಕೇಳಿದ್ದರೆ ಉತ್ತರಕ್ಕೆ ಬೆಲೆಯಿದೆ. ಹಳೆಯ ಅಂಕಿಗಳನ್ನು ಕೂಡಿ ಹೇಳಿದ್ದರೆ ಅದು ಸಮೀಕ್ಷೆಯಲ್ಲ.

ಚುನಾವಣೆಗೆ ಮುಂಚಿನ ಮೈತ್ರಿಯನ್ನಾದರೂ ಹೀಗೆ ಅಳೆಯಬಹುದು. ಎಣಿಕೆಯ ನಂತರದ ಮೈತ್ರಿಗೆ ಯಾವ ಕೋಲೂ ಇಲ್ಲ. 1996ರಲ್ಲಿ ದೂರದರ್ಶನಕ್ಕಾಗಿ ಸಿ.ಎಸ್.ಡಿ.ಎಸ್. ನಡೆಸಿದ ಮತಗಟ್ಟೆ ಸಮೀಕ್ಷೆ ಅತಂತ್ರ ಲೋಕಸಭೆ ಬರುತ್ತದೆ ಎಂದಿತು, ಹಾಗೆಯೇ ಆಯಿತು. ಬಿ.ಜೆ.ಪಿ. 161, ಕಾಂಗ್ರೆಸ್ 140, ಜನತಾದಳ 46. ಆ ನಲವತ್ತಾರರಲ್ಲಿ ಹದಿನಾರು ಕರ್ನಾಟಕದವು. ಚಿಕ್ಕಮಗಳೂರಿನಿಂದ ಗೆದ್ದ ಬಿ.ಎಲ್. ಶಂಕರ್ ಅವರದೂ ಅದರಲ್ಲೊಂದು. ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಹೋಯಿತು. ವಿ.ಪಿ. ಸಿಂಗ್ ಒಲ್ಲೆ ಎಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಬೇಡ ಎಂದಿತು. ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಇದನ್ನು ತೀರ್ಮಾನಿಸಿದವರು ದೆಹಲಿಯ ಕೆಲವು ಕೋಣೆಗಳಲ್ಲಿ ಕುಳಿತ ಹತ್ತಿಪ್ಪತ್ತು ಜನ. ಅವರು ಯಾವ ಸಮೀಕ್ಷೆಯ ಮಾದರಿಯಲ್ಲೂ ಇರಲಿಲ್ಲ. ಏಪ್ರಿಲಿನಲ್ಲಿ ಮೂಡಿಗೆರೆಯಲ್ಲಿ ಜನತಾದಳಕ್ಕೆ ಮತ ಹಾಕಿದವನೂ ತಾನು ಪ್ರಧಾನಿಯನ್ನು ಆರಿಸುತ್ತಿದ್ದೇನೆಂದು ಎಣಿಸಿರಲಾರ.

ಎಂದಮೇಲೆ ದೆಹಲಿಯಲ್ಲಿ ಯಾರಾದರೇನು ಎಂದು ಕಾಫಿ ಬೆಳೆಗಾರ ಕೈಚೆಲ್ಲುವಂತಿಲ್ಲ. ಕಾಫಿ ಮಂಡಳಿ ಇರುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ. ಬೆಳೆದದ್ದನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಬೇಕೆಂಬ ಹಳೆಯ ಕಟ್ಟಳೆ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಪೂರ್ತಿ ಹೋದದ್ದು ದೆಹಲಿಯ ತೀರ್ಮಾನಗಳಿಂದ. ಅಲ್ಪಮತದ ನರಸಿಂಹ ರಾವ್ ಸರ್ಕಾರ ಅದನ್ನು ಆರಂಭಿಸಿತು, ಹದಿಮೂರು ಪಕ್ಷಗಳ ಸಂಯುಕ್ತ ರಂಗ ಮುಗಿಸಿತು. ಎರಡನ್ನೂ ಜನ ಬಹುಮತ ಕೊಟ್ಟು ಆರಿಸಿರಲಿಲ್ಲ.

ಸಮೀಕ್ಷೆಗಳಿಗೆ ಕಡಿವಾಣ ಹಾಕುವ ಪ್ರಯತ್ನ ತೊಂಬತ್ತರ ದಶಕದಲ್ಲೇ ನಡೆಯಿತು. ಚುನಾವಣಾ ಆಯೋಗ 1998ರಲ್ಲಿ ನಿರ್ಬಂಧ ವಿಧಿಸಿತು. 1999ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಕೊನೆಗೆ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 126ಎ ಕಲಮು ಸೇರಿ, 2010ರಿಂದ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವುದು ನಿಷಿದ್ಧವಾಯಿತು. ಹಾಗಾಗಿ 2024ರಲ್ಲಿ ಏಪ್ರಿಲ್ 26ಕ್ಕೆ ಮತ ಹಾಕಿದ ಕಳಸದವರು ಆ ಸಮೀಕ್ಷೆಗಳಿಗಾಗಿ ಜೂನ್ 1ರ ಸಂಜೆಯವರೆಗೆ ಕಾದರು. ಅಷ್ಟರಲ್ಲಿ ಹೂವು ಕಾಯಿಯಾಗಿತ್ತು. ಅಂದು ಟಿ.ವಿ.ಗಳು ಎನ್.ಡಿ.ಎ.ಗೆ 350ರಿಂದ 400ರವರೆಗೆ ಕೊಟ್ಟವು. ಜೂನ್ 4ರಂದು ಬಂದದ್ದು 293, ಅದರಲ್ಲಿ ಬಿ.ಜೆ.ಪಿ.ಯದು 240. ಬಹುಮತಕ್ಕೆ ಬೇಕಾದ 272ರ ಕೊರತೆಯನ್ನು ಮುಖ್ಯವಾಗಿ ತುಂಬಿದವರು ಹದಿನಾರು ಸ್ಥಾನದ ತೆಲುಗುದೇಶಂ, ಹನ್ನೆರಡು ಸ್ಥಾನದ ಸಂಯುಕ್ತ ಜನತಾದಳ. ಎರಡೇ ಸ್ಥಾನ ಗೆದ್ದ ಜೆ.ಡಿ.ಎಸ್.ಗೆ ಒಂದು ಸಂಪುಟ ದರ್ಜೆ ಸಿಕ್ಕಿತು. ಎಚ್.ಡಿ. ಕುಮಾರಸ್ವಾಮಿ ಅವರಿಗೆ ಭಾರಿ ಕೈಗಾರಿಕೆ ಮತ್ತು ಉಕ್ಕು ಖಾತೆ ಬಂತು. ಕಾಫಿ ಇರುವ ವಾಣಿಜ್ಯ ಖಾತೆ ಮೊದಲಿನಂತೆ ಪೀಯೂಷ್ ಗೋಯಲ್ ಅವರ ಬಳಿಯೇ ಉಳಿಯಿತು. ಅವರು ಗೆದ್ದುಬಂದದ್ದು ಮುಂಬೈ ಉತ್ತರದಿಂದ.